ಸೌಟಿನ ಲೆಕ್ಕ, ಕಾಲಿನ ಲೆಕ್ಕ

(ಗಾಜನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಇತಿಹಾಸವೋ ಇರುತ್ತದೆ ಎಂದುಕೊಂಡು ಬಂದವರು ಕ್ಷಮಿಸಬೇಕು. ತೂಕ ಇಳಿಸುವುದರ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಹೇಳಿದವರೇ ಹಿಂದಿನ ಕೋಣೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಾರೆ. ಇನ್ನೊಂದು ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ: ಗಾಜನೂರು ಎಂದು ಹೇಳಿದ ಕೂಡಲೇ ಬೆಂಗಳೂರಿನ ಸ್ನೇಹಿತರು ರಾಜ್‌ಕುಮಾರ್ ಅವರನ್ನು ನೆನೆಯುತ್ತಾರೆ. ಅವರು ಹುಟ್ಟಿದ ಗಾಜನೂರು ತಾಳವಾಡಿ ಸೀಮೆಯದು, ಈಗ ತಮಿಳುನಾಡಿನಲ್ಲಿದೆ. ನಮ್ಮದು ತುಂಗೆಯ ಅಣೆಕಟ್ಟೆಯ ಗಾಜನೂರು.

ನಮ್ಮ ಪಕ್ಕದಲ್ಲೇ ಸಕ್ರೆಬೈಲಿನ ಆನೆಬಿಡಾರವಿದೆ, ಹಾಗಾಗಿ ಆನೆಯಿಂದಲೇ ಶುರು ಮಾಡೋಣ. ಮೈಸೂರು ದಸರೆಗೆ ಕಾಡಿನ ಶಿಬಿರಗಳಿಂದ ಹೋಗುವ ಆನೆಗಳನ್ನು ಅಲ್ಲಿ ಇಳಿಸಿದ ಮೇಲೆ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸುತ್ತಾರೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಯಾವ ಆನೆ ಎಷ್ಟು ಕೆಜಿ ಎಂಬ ಪಟ್ಟಿ ಬರುತ್ತದೆ, ನೀವೂ ಓದಿರುತ್ತೀರಿ. ಆಮೇಲಿನ ವಾರಗಳಲ್ಲಿ ಅವು ದಿನವೂ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುತ್ತವೆ, ಮರಳಿನ ಮೂಟೆ ಹೊರುತ್ತವೆ, ಮರದ ಅಂಬಾರಿ ಹೊರುತ್ತವೆ. ಕಾಡಿನ ಶಿಬಿರದಲ್ಲಿ ಮಾಡದಷ್ಟು ತಾಲೀಮು. ಹಬ್ಬ ಹತ್ತಿರ ಬಂದಾಗ ಮತ್ತೆ ತೂಗಿದರೆ ಬಹುಪಾಲು ಆನೆಗಳ ತೂಕ ಏರಿರುತ್ತದೆ! ಕೆಲವು ನೂರು ಕೆಜಿಗೂ ಮೀರಿ ಏರಿಸಿಕೊಂಡಿರುತ್ತವೆ. ಕಾರಣ ಗುಟ್ಟಿನದೇನಲ್ಲ. ಬೇಯಿಸಿದ ಉದ್ದು, ಹೆಸರುಕಾಳು, ಗೋಧಿ, ಅಕ್ಕಿ, ತರಕಾರಿ, ಬೆಣ್ಣೆ, ಮೇಲೆ ಬತ್ತ ಬೆಲ್ಲ ಕಟ್ಟಿದ ಹುಲ್ಲಿನ ಕುಸುರೆ. ಆ ಆನೆಗಳಿಗೆ ಅದು ಬೇಕು, ಏಳುನೂರ ಐವತ್ತು ಕೆಜಿ ಅಂಬಾರಿ ಹೊರುವ ಕೆಲಸ ಮುಂದಿದೆ. ಆದರೆ ದಿನಾ ವಾಕಿಂಗ್ ಮಾಡಿದರೂ ತೂಕ ಯಾಕೆ ಇಳಿಯುವುದಿಲ್ಲ ಎಂದು ವೈದ್ಯನಾದ ನನ್ನ ಮುಂದೆ ಕೂತು ಬೇಸರಪಡುವವರಿಗೆ ಆ ವೇಬ್ರಿಡ್ಜಿನ ಪಟ್ಟಿಗಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಎಪ್ಪತ್ತು ಕೆಜಿ ತೂಕದ ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ, ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದು, ಕಿಲೋಮೀಟರಿಗೆ ಸುಮಾರು 35 ಕ್ಯಾಲೊರಿ ಹೆಚ್ಚುವರಿಯಾಗಿ ಕರಗುತ್ತದೆ. ತುಪ್ಪ ಹಾಕಿದ ಒಂದು ಹೋಳಿಗೆ 250ರಿಂದ 300 ಕ್ಯಾಲೊರಿ. ಇಲ್ಲಿಂದ ಶಿವಮೊಗ್ಗ ಹನ್ನೆರಡು ಕಿಲೋಮೀಟರ್ ಆಸುಪಾಸು. ಊಟ ಮುಗಿಸಿ ಇಲ್ಲಿಂದ ಶಿವಮೊಗ್ಗದವರೆಗೆ ನಡೆದುಕೊಂಡೇ ಹೋದರೂ ಎರಡು ಹೋಳಿಗೆ ತೀರುವುದಿಲ್ಲ. ಕೈಗಡಿಯಾರದಂಥ ಪಟ್ಟಿಗಳು ತೋರಿಸುವ ಅಂಕಿ ಇದಕ್ಕಿಂತ ದೊಡ್ಡದಿರುತ್ತದೆ. ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಎಷ್ಟೋ ಸಲ ಅವು ಸೇರಿಸಿಯೇ ತೋರಿಸುತ್ತವೆ. ಅದನ್ನು ನಂಬಿ ಹೋಟೆಲಿಗೆ ಹೋಗುವವರನ್ನು ನೋಡಿದ್ದೇನೆ. ಬೆಳಿಗ್ಗೆ ವಾಕಿಂಗ್ ಗುಂಪು ಮುಗಿಯುವ ಜಾಗದಲ್ಲೇ ಮಸಾಲೆ ದೋಸೆಯ ಹೋಟೆಲ್ ಇರುವುದು ನಮ್ಮ ಎಲ್ಲ ಊರುಗಳ ಲಕ್ಷಣ.

ಹಾಗಾದರೆ ನಡೆಯುವುದೇ ಬೇಡವೆ? ಈ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಸುತ್ತು ಹಾಕಿ ಬರುತ್ತದೆ, ಭದ್ರಾವತಿಯ ಮೂಲಕ.

1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ್ದು, ಮೊದಲಿಗೆ ಇದ್ದಿಲಿನ ಬೆಂಕಿಯಲ್ಲಿ ಅದಿರು ಕರಗಿಸಿತು. ಕಾಡಿನಿಂದ ಕಟ್ಟಿಗೆ ತರುವುದರಿಂದ ಹಿಡಿದು ಕುಲುಮೆಯ ಬಾಯಿ ತುಂಬುವವರೆಗೆ ಮೈಮುರಿಯುವ ಕೆಲಸವಿತ್ತು. 1936ರಲ್ಲಿ ಕಾಗದ ಕಾರ್ಖಾನೆ ಬಂತು, ಬಿದಿರಿನ ಲೋಡುಗಳು ಬಂದವು. ಆ ದುಡಿಮೆಗೆ ತಕ್ಕ ಊಟ ಮನೆಗಳಲ್ಲಿ ರೂಢಿಯಾಯಿತು. ಈಗ ಊದುಕುಲುಮೆ ಆರಿದೆ, ಕಾಗದ ಕಾರ್ಖಾನೆಯ ಯಂತ್ರಗಳೂ ನಿಂತಿವೆ. ಕಾರ್ಖಾನೆಯಿಂದ ನಿವೃತ್ತರಾದವರು ಮಂಡಿನೋವು, ಸಕ್ಕರೆ ಕಾಯಿಲೆ ಎಂದು ಬಂದಾಗ ಊಟ ವಿಚಾರಿಸಿದರೆ ಹೇಳುವುದು ಒಂದೇ: "ಮೊದಲಿನಷ್ಟೇ ಸಾರ್, ಜಾಸ್ತಿ ಏನಿಲ್ಲ." ಸತ್ಯವನ್ನೇ ಹೇಳುತ್ತಾರೆ. ಮೊದಲಿನಷ್ಟೇ ಎಂಬುದೇ ತೊಂದರೆ.

ಇದನ್ನು ಲೆಕ್ಕವಿಟ್ಟು ನೋಡಿದ ಒಂದು ಅಧ್ಯಯನ ಭಾರತದಲ್ಲೇ ನಡೆದಿದೆ. ಹಾರ್ವರ್ಡ್‌ನ ಪೌಷ್ಟಿಕತಜ್ಞ ಜಾನ್ ಮೇಯರ್, ರಾಯ್ ಮತ್ತು ಮಿತ್ರ ಎಂಬ ಸಹೋದ್ಯೋಗಿಗಳೊಂದಿಗೆ, ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಜನರ ಊಟ, ತೂಕ ಮತ್ತು ಕೆಲಸವನ್ನು ಹೋಲಿಸಿ 1956ರಲ್ಲಿ ಪ್ರಕಟಿಸಿದರು. ಮೂಟೆ ಹೊರುವವರಿಂದ ಹಿಡಿದು ಅಲ್ಲೇ ಅಂಗಡಿ ಇಟ್ಟು ಇಡೀ ದಿನ ಕೂತಿರುವವರವರೆಗೆ ಎಲ್ಲ ಬಗೆಯವರೂ ಅದರಲ್ಲಿದ್ದರು. ಹಗುರ ಕೆಲಸದವರಿಂದ ಭಾರದ ಕೆಲಸದವರೆಗೆ ಹೋದಂತೆ ಊಟ ಹೆಚ್ಚುತ್ತಾ ಹೋಗಿತ್ತು, ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ದುಡಿಯುವ ಮೈಯಲ್ಲಿ ಹಸಿವು ಸರಿಯಾಗಿಯೇ ಕೆಲಸ ಮಾಡುತ್ತದೆ, ಖರ್ಚಾದಷ್ಟನ್ನೇ ಕೇಳುತ್ತದೆ. ಆಶ್ಚರ್ಯ ಇದ್ದದ್ದು ಇನ್ನೊಂದು ತುದಿಯಲ್ಲಿ. ಕೂತೇ ಇರುವ ಅಂಗಡಿಯವರು, ಮೇಲ್ವಿಚಾರಕರು ಕಡಿಮೆ ತಿನ್ನುತ್ತಿರಲಿಲ್ಲ. ಅತ್ಯಂತ ಭಾರದ ಕೆಲಸ ಮಾಡುವವರ ಸಮಕ್ಕೆ ತಿನ್ನುತ್ತಿದ್ದರು, ತೂಕವೂ ಅವರದೇ ಎಲ್ಲರಿಗಿಂತ ಹೆಚ್ಚು. ಓಡಾಟ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಸಿವು ಮೈಯ ಖರ್ಚನ್ನು ಹಿಂಬಾಲಿಸುವುದನ್ನೇ ಬಿಡುತ್ತದೆ ಎಂದು ಮೇಯರ್ ತೀರ್ಮಾನಿಸಿದರು.

ಒಂದು ಗಿರಣಿ, ಒಂದು ಕಾಲ, ಗಂಡಸರು ಮಾತ್ರ. ಅಧ್ಯಯನಕ್ಕೆ ಈ ಮಿತಿಗಳಿವೆ, ನಿಜ. ಆದರೂ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಗಿರಣಿಯಲ್ಲಿದೆ. ನಡಿಗೆ ಊಟದ ಸಾಲ ತೀರಿಸುವುದಿಲ್ಲ. ಅದು ಹಸಿವನ್ನು ದಾರಿಗೆ ತರುತ್ತದೆ. ತೂಕ ಇಳಿಸುವ ಕೆಲಸ ಸೌಟಿನದು, ಇಳಿದದ್ದು ಮತ್ತೆ ಏರದಂತೆ ನೋಡಿಕೊಳ್ಳುವ ಕೆಲಸ ಕಾಲಿನದು. ಇವೆರಡನ್ನೂ ಅದಲುಬದಲು ಮಾಡಿಕೊಂಡೇ ಜನ ಸೋಲುತ್ತಿರುವುದು.

ನಮ್ಮೂರಿನ ಸೌಟು ಎಷ್ಟು ದೊಡ್ಡದು ಎಂದು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಭಾರದ ದುಡಿಮೆಯ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು, ಕೂತು ಕೆಲಸ ಮಾಡುವವನಿಗೆ 2,110. ಹೆಂಗಸರಿಗೆ 2,720 ಮತ್ತು 1,660. ಗಂಡಸಿನ ಲೆಕ್ಕದಲ್ಲಿ ಈ ಎರಡರ ನಡುವಿನ ಅಂತರ 1,360 ಕ್ಯಾಲೊರಿ, ಅಂದರೆ ಹತ್ತಿರ ಹತ್ತಿರ 400 ಗ್ರಾಂ ಅಕ್ಕಿ. ಅಜ್ಜ ಎತ್ತು ಹೂಡಿ ಗದ್ದೆ ಉತ್ತವರು, ಮಳೆಗಾಲದಲ್ಲಿ ನೀರಿನಲ್ಲೇ ನಿಂತು ಸಸಿ ಕಿತ್ತವರು, ಬತ್ತದ ಹೊರೆ ತಲೆಯ ಮೇಲೆ ತಂದವರು. ಮೊಮ್ಮಗ ಟಿಲ್ಲರ್ ಹೊಡೆಯುತ್ತಾನೆ, ಕಟಾವಿಗೆ ಯಂತ್ರ ಕರೆಸುತ್ತಾನೆ, ಅಡಿಕೆ ಮರ ಹತ್ತುವ ಬದಲು ನೆಲದಲ್ಲೇ ನಿಂತು ಫೈಬರ್ ದೋಟಿಯಲ್ಲಿ ಕೊನೆ ಇಳಿಸುತ್ತಾನೆ, ಸುಲಿಯುವುದಕ್ಕೂ ಯಂತ್ರ. ಒಳ್ಳೆಯದೇ ಆಯಿತು. ಆ ಕಷ್ಟ ಮತ್ತೆ ಬರಲಿ ಎಂದು ಹಾರೈಸುವವರಲ್ಲಿ ನಾನಿಲ್ಲ, ಮರದಿಂದ ಬಿದ್ದವರ ಬೆನ್ನುಮೂಳೆ ನೋಡಿದವನು ನಾನು. ಆದರೆ ಅಜ್ಜನಿಗೆಂದು ಅಳತೆಯಾದ ಅನ್ನದ ಸೌಟು ಮೊಮ್ಮಗನ ತಟ್ಟೆಗೂ ಅಷ್ಟೇ ಸಲ ಇಳಿಯುತ್ತಿದೆ.

ಸೌಟು ಇಳಿಸುವವರನ್ನು ಬೈಯುವುದು ಸುಲಭ. ಸಾಕು ಎಂದರೂ "ಇನ್ನೊಂಚೂರು" ಎಂದು ಬಡಿಸುವ ತಾಯಂದಿರಲ್ಲಿ ಹಲವರು ಅಕ್ಕಿ ಸಾಲದ ದಿನಗಳನ್ನು ಕಂಡವರು, ಮಳೆಗಾಲದ ಕೊನೆಗೆ ಕಣಜ ಬರಿದಾಗುತ್ತಿದ್ದುದನ್ನು ಕಂಡವರು. ಬಂದವರಿಗೆ ತಟ್ಟೆ ತುಂಬ ಬಡಿಸುವುದು ಆ ಕಾಲದಲ್ಲಿ ಪ್ರೀತಿಯ ಅಳತೆಯಾಗಿತ್ತು. ಆ ನೆನಪು ಇರುವವರೆಗೆ ಕಡಿಮೆ ಬಡಿಸಿ ಎನ್ನುವ ವೈದ್ಯನ ಮಾತು ಅವರ ಕಿವಿಗೆ ಜಿಪುಣತನದಂತೆಯೇ ಕೇಳುತ್ತದೆ.

ಕ್ಯಾಲೊರಿ ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ಗಳಿವೆ. ನಮ್ಮ ಕಡುಬು, ಕಾಯಿಹುಳಿ, ತಂಬುಳಿಗಳನ್ನು ಅವುಗಳಲ್ಲಿ ಹುಡುಕುವಷ್ಟರಲ್ಲಿ ಊಟವೇ ತಣ್ಣಗಾಗುತ್ತದೆ. ನಾನು ಹೇಳುವ ದಾರಿ ಬೇರೆ: ತಿಂಗಳ ಸಾಮಾನಿನ ಚೀಟಿ ತೆಗೆಯಿರಿ. ಐದು ಜನರ ಮನೆ, ತಿಂಗಳಿಗೆ ಐದು ಲೀಟರ್ ಎಣ್ಣೆ ಎಂದುಕೊಳ್ಳಿ. ಅದನ್ನು ಮೂರು ಲೀಟರಿಗೆ ಇಳಿಸಿದರೆ ತಲೆಗೆ ದಿನಕ್ಕೆ ಸುಮಾರು 110 ಕ್ಯಾಲೊರಿ ಇಳಿಯಿತು. ಯಾರ ತಟ್ಟೆಯನ್ನೂ ತೂಗಬೇಕಿಲ್ಲ, ಯಾರ ಬಾಯನ್ನೂ ಕಟ್ಟಬೇಕಿಲ್ಲ. ಐದು ಕೆಜಿ ಸಕ್ಕರೆಯನ್ನು ಎರಡೂವರೆಗೆ ಇಳಿಸಿದರೆ ಇನ್ನೊಂದು 65. ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಎಂದು ಸಕ್ಕರೆಯ ಜಾಗಕ್ಕೆ ಅಷ್ಟೇ ಬೆಲ್ಲ ತಂದರೆ ಈ ಲೆಕ್ಕದಲ್ಲಿ ಏನೂ ಬದಲಾಗದು. ಇನ್ನು ತೆಂಗಿನಕಾಯಿ. ಮಲೆನಾಡಿನಲ್ಲಿ ಕಾಯಿಯ ವಿರುದ್ಧ ಮಾತಾಡಿ ಉಪನ್ಯಾಸ ಮುಗಿಸಿ ಹೋಗುವುದು ಕಷ್ಟ, ಆದರೂ ಹೇಳುತ್ತೇನೆ. 50 ಗ್ರಾಂ ಹಸಿ ತುರಿಯಲ್ಲಿ 180ರಿಂದ 200 ಕ್ಯಾಲೊರಿ ಇದೆ. ಬೆಳಗಿನ ಚಟ್ನಿ, ಮಧ್ಯಾಹ್ನದ ಹುಳಿ, ಪಲ್ಯದ ಮೇಲಿನ ತುರಿ, ಮೂರರಲ್ಲಿ ಎರಡು ಕಡೆ ಕಾಯಿ ಇರಲಿ, ಒಂದು ಕಡೆ ಬಿಡಿ.

ಅಕ್ಕಿಯ ವಿಷಯದಲ್ಲಿ ಅದೇ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಎಲ್ಲ ಧಾನ್ಯ ಸೇರಿ ಸುಮಾರು 250 ಗ್ರಾಂ ಸಾಕು, ಕ್ಯಾಲೊರಿಯ ಶೇ 45ನ್ನು ಮೀರದಿರಲಿ ಎಂದಿದೆ. ಬೆಳಿಗ್ಗೆ ರೊಟ್ಟಿ ಅಥವಾ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಎನ್ನುವ ಮನೆಯಲ್ಲಿ 250 ಗ್ರಾಂ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಅನ್ನ ಬಿಟ್ಟು ಮುದ್ದೆಗೋ ಚಪಾತಿಗೋ ಹಾರುವುದರಿಂದ ಹೆಚ್ಚು ಉಪಯೋಗವಿಲ್ಲ. ರಾಗಿ, ಗೋಧಿ, ಅಕ್ಕಿ ಮೂರೂ ನೂರು ಗ್ರಾಮಿಗೆ 320–350 ಕ್ಯಾಲೊರಿಯ ಸುತ್ತಮುತ್ತಲೇ ಇವೆ. ನಾರು ಹೆಚ್ಚಿರುವುದರಿಂದ ರಾಗಿ ಬೇಗ ಹೊಟ್ಟೆ ತುಂಬಿಸೀತು, ಅಷ್ಟೇ. ಬದಲಾಗಬೇಕಿರುವುದು ತಟ್ಟೆಯ ಜಾಗ. ಅನ್ನ ಹಿಂದೆ ಸರಿದಲ್ಲಿ ಹುರುಳಿಕಾಳೋ ಹೆಸರುಕಾಳೋ ಮೊಟ್ಟೆಯೋ ತುಂಗೆಯ ಮೀನೋ ಬರಬೇಕು, ಜೊತೆಗೆ ಸೊಪ್ಪು. ನಮ್ಮ ಸಾರಿನಲ್ಲಿ ಬೇಳೆ ಹುಡುಕಲು ಗಾಳ ಹಾಕಬೇಕಾದ ಪರಿಸ್ಥಿತಿ ಇದೆ. ಕಾಳು, ಮೊಟ್ಟೆಯ ಪ್ರೋಟೀನು ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ, ತೂಕ ಇಳಿಯುವಾಗ ಸ್ನಾಯು ಕರಗದಂತೆಯೂ ನೋಡಿಕೊಳ್ಳುತ್ತದೆ.

ಮಂಡಕ್ಕಿ ಹಗುರ ಎನ್ನುವವರಿಗೆ ಒಂದೇ ಮಾತು: ಮಂಡಕ್ಕಿ ನಿಜಕ್ಕೂ ಹಗುರ, ಜೊತೆಗಿರುವ ಮೆಣಸಿನಕಾಯಿ ಬಜ್ಜಿ ಅಲ್ಲ. ಏಕಾದಶಿ ಉಪವಾಸದ ಬಗ್ಗೆ ಕೇಳಬೇಡಿ. ಸಾಬುದಾನೆ, ಅವಲಕ್ಕಿ, ಹಾಲು, ಬಾಳೆಹಣ್ಣು, ಗೋಡಂಬಿ ಸೇರಿ ಉಪವಾಸದ ದಿನವೇ ಹೆಚ್ಚು ತಿಂದ ಮನೆಗಳನ್ನು ಬಲ್ಲೆ.

ಹೀಗೆ ಇಳಿಸಿದ್ದು ಎಷ್ಟು ಫಲ ಕೊಡುತ್ತದೆ? ಹಳೆಯ ಸೂತ್ರವೊಂದಿದೆ, 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಎಂಬ ವೈದ್ಯರು ಬರೆದದ್ದು. ಒಂದು ಕೆಜಿ ತೂಕಕ್ಕೆ ಸುಮಾರು 7,700 ಕ್ಯಾಲೊರಿ. ಜಿಮ್‌ಗಳ ಗೋಡೆಯ ಮೇಲೂ ಡಯಟ್ ಚಾರ್ಟುಗಳಲ್ಲೂ ಇದೇ ಇದೆ. ಇದರ ಪ್ರಕಾರ ದಿನಕ್ಕೆ 100 ಕ್ಯಾಲೊರಿ ಕಡಿಮೆ ಮಾಡಿದರೆ ವರ್ಷಕ್ಕೆ ಐದು ಕೆಜಿ ಹತ್ತಿರ, ಹತ್ತು ವರ್ಷಕ್ಕೆ ಐವತ್ತು ಕೆಜಿ ಇಳಿಯಬೇಕು! ಇಳಿಯುವುದಿಲ್ಲ, ಯಾಕೆಂದರೆ ಮೈ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತವರ ತಂಡ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ತಿದ್ದಿ ತೋರಿಸಿದರು. ದಿನಕ್ಕೆ 100 ಕ್ಯಾಲೊರಿಯನ್ನು ಕಾಯಂ ಆಗಿ ಇಳಿಸಿದರೆ ಕೊನೆಗೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲಿ, ಮಿಕ್ಕದ್ದರ ಬಹುಪಾಲು ಮೂರು ವರ್ಷದೊಳಗೆ, ಅಲ್ಲಿಗೆ ನಿಲ್ಲುತ್ತದೆ. ಕೇಳಲು ಸಪ್ಪೆ. ಆದರೆ ಆರು ತಿಂಗಳಾದ ಮೇಲೆ ಇಳಿಯುವುದು ನಿಧಾನವಾದಾಗ "ನನ್ನ ಮೈಯೇ ಹೀಗೆ" ಎಂದು ಕೈಚೆಲ್ಲುವವರಿಗೆ ಈ ಸಪ್ಪೆ ಲೆಕ್ಕ ಗೊತ್ತಿರಬೇಕು. ಅವರ ಮೈಯಲ್ಲಿ ಏನೂ ಕೆಟ್ಟಿಲ್ಲ, ಲೆಕ್ಕ ನಡೆಯಬೇಕಾದ ಹಾಗೆಯೇ ನಡೆಯುತ್ತಿದೆ.

ಅವಸರ ಪಟ್ಟರೆ ಏನಾಗುತ್ತದೆ ಎಂಬುದಕ್ಕೆ 1944–45ರಲ್ಲಿ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವಿದೆ. ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ಯುವಕರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲೊರಿ ಊಟ, ವಾರಕ್ಕೆ 35 ಕಿಲೋಮೀಟರ್ ನಡಿಗೆ. ಕಾಲು ಭಾಗ ತೂಕ ಇಳಿಯಿತು. ಜೊತೆಗೆ ಚಳಿ, ಸಿಡುಕು, ಮಂಕು. ಹಗಲು ರಾತ್ರಿ ಊಟದ್ದೇ ಯೋಚನೆ, ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದೆ ತಿಂದರು. ಅವರು ಮೊದಲೇ ತೆಳ್ಳಗಿದ್ದವರು, ದಪ್ಪಗಿರುವವರಿಗೆ ಅದೆಲ್ಲ ಹಾಗೇ ಅನ್ವಯಿಸದು. ಆದರೂ ಮದುವೆಗೆ ಮೊದಲು ಒಂದೇ ತಿಂಗಳಲ್ಲಿ ಹತ್ತು ಕೆಜಿ ಎಂದು ಇದಕ್ಕಿಂತ ಕಡಿಮೆ ಊಟ, ಇದಕ್ಕಿಂತ ಹೆಚ್ಚು ಕಸರತ್ತು ಬರೆದುಕೊಡುವ ಪ್ಯಾಕೇಜುಗಳು ಶಿವಮೊಗ್ಗದಲ್ಲೂ ಸಿಗುತ್ತವೆ. ದುಡ್ಡು ಕೊಡುವ ಮುಂಚೆ ಆ ಯುವಕರನ್ನು ನೆನೆಯಿರಿ.

ಈಗ ಕಾಲಿನ ಕಡೆಗೆ ಬರೋಣ. ಟಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನ ದಿನವೂ ಮೈಲುಗಟ್ಟಲೆ ನಡೆಯುತ್ತಾರೆ, ಗೆಡ್ಡೆ ಅಗೆಯುತ್ತಾರೆ. ಹರ್ಮನ್ ಪಾಂಟ್ಸರ್ ತಂಡ ಅವರಿಗೆ ವಿಶೇಷ ನೀರು ಕುಡಿಸಿ, ಮೂತ್ರದ ಪರೀಕ್ಷೆಯಿಂದ ದಿನದ ಒಟ್ಟು ಖರ್ಚು ಅಳೆಯಿತು. 2012ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ ಅವರ ಖರ್ಚು ಅಮೆರಿಕದ ಕಚೇರಿ ಜನರಷ್ಟೇ. ಬಹಳ ಓಡಾಡುವ ಮೈ ಬೇರೆ ಕಡೆ ಎಲ್ಲೋ ಉಳಿತಾಯ ಮಾಡಿಕೊಳ್ಳುತ್ತದೆ ಎಂಬುದು ಪಾಂಟ್ಸರ್ ವಾದ. ಎಷ್ಟರ ಮಟ್ಟಿಗೆ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಸೌಟು ಬದಲಿಸದೆ ವ್ಯಾಯಾಮವನ್ನಷ್ಟೇ ಹಿಡಿದವರು ಸಾಮಾನ್ಯವಾಗಿ ಎರಡು ಮೂರು ಕೆಜಿಗೆ ನಿಲ್ಲುತ್ತಾರೆ ಎಂಬ ಅನುಭವಕ್ಕಂತೂ ಆ ವಾದ ಹೊಂದುತ್ತದೆ.

ಹೀಗಿದ್ದೂ ನಡೆಯಿರಿ ಎಂದು ಯಾಕೆ ಗೋಗರೆಯುತ್ತೇನೆ? ಊಟವನ್ನಷ್ಟೇ ಇಳಿಸಿ ಕೂತವರು ಕಳೆದುಕೊಳ್ಳುವ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲದ ತೂಕ, ಅದರಲ್ಲಿ ಸ್ನಾಯುವೂ ಸೇರಿರುತ್ತದೆ. ಐವತ್ತು ದಾಟಿದವರಿಗೆ ಆ ಸ್ನಾಯು ಮತ್ತೆ ಬರುವುದು ಕಷ್ಟ. ನಡಿಗೆ, ಅದಕ್ಕಿಂತ ಹೆಚ್ಚಾಗಿ ಭಾರ ಎತ್ತುವ ಕೆಲಸ, ಈ ನಷ್ಟವನ್ನು ತಗ್ಗಿಸುತ್ತದೆ. ಊಟವಾದ ಮೇಲೆ ಕಾಲು ಗಂಟೆ ನಡೆದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ, ತೂಕ ಒಂದು ಗ್ರಾಂ ಇಳಿಯದಿದ್ದರೂ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ. ಹದಿಮೂರು ಹದಿನಾಲ್ಕು ಕೆಜಿಯಾದರೂ ಇಳಿಸಿ ಒಂದು ವರ್ಷಕ್ಕೂ ಮೀರಿ ಉಳಿಸಿಕೊಂಡವರ ದಾಖಲೆ ಅದು. ಅವರು ಇಳಿಸಿದ ದಾರಿಗಳು ನೂರಾರು. ಉಳಿಸಿಕೊಂಡವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ಓಡಾಡುತ್ತಾರೆ, ಅದರಲ್ಲಿ ಹೆಚ್ಚಿನದು ನಡಿಗೆ. ಬಂಗಾಳದ ಗಿರಣಿಯ ಮಾತನ್ನೇ ಇದು ಇನ್ನೊಂದು ಕಡೆಯಿಂದ ಹೇಳುತ್ತಿದೆ.

ನಾನೇನು ದಪ್ಪಗಿದ್ದೇನೆಯೆ ಎಂದು ಹಿಂದಿನ ಸಾಲಿನ ಸಣಕಲು ಯುವಕರು ನಗುತ್ತಿದ್ದಾರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲಂಡನ್ನಿನ ಜಾನ್ ಯುಡ್ಕಿನ್ ಜೊತೆ ನಿಂತು ಒಂದು ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಒಂದೇ. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನಮ್ಮ ಮೈ ತೆಳ್ಳಗೆ ಕಂಡೇ ಕೊಬ್ಬು ಕೂಡಿಡುತ್ತದೆ, ಅದೂ ಹೊಟ್ಟೆಯೊಳಗೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ ಎನ್ನುತ್ತಾರೆ, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಟೇಪು ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ ನೋಡಿ. ತುದಿಗಳು ಸೇರದಿದ್ದರೆ ನಗು ನಿಲ್ಲಿಸಿ ಸಂಜೆ ನನ್ನನ್ನು ಕಾಣಿ. ರಾಜ್ಯದಲ್ಲಿ ಹತ್ತರಲ್ಲಿ ಮೂರು ವಯಸ್ಕರು ಅಧಿಕ ತೂಕದವರು ಎಂದು 2019–20ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು, ಅದೂ ಬಿಎಂಐ 25ರ ಸಡಿಲ ಗೆರೆ ಹಾಕಿ.

ಔಷಧಿಯ ಬಗ್ಗೆ ಎರಡೇ ಮಾತು. 2025ರಿಂದ ತೂಕದ ಚುಚ್ಚುಮದ್ದುಗಳು ನಮ್ಮ ದೇಶದಲ್ಲೂ ಸಿಗುತ್ತಿವೆ. ಅವು ಕೆಲಸ ಮಾಡುತ್ತವೆ, ಮಾಡುವುದು ಹಸಿವು ತಗ್ಗಿಸಿ, ಅಂದರೆ ಸೌಟಿನ ಮೂಲಕವೇ. ನಿಲ್ಲಿಸಿದರೆ ತೂಕ ಹಿಂದಿರುಗುವುದು ಸಾಮಾನ್ಯ. ತುಂಬಾ ತೂಕದವರಿಗೆ ವೈದ್ಯರ ಕಣ್ಣಡಿಯಲ್ಲಿ ಬೇಕಾಗಬಹುದು, ಅಂಗಡಿಯಲ್ಲಿ ಕೇಳಿ ತರುವ ವಸ್ತು ಅದಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹೇಳದೆ ಕೇಳದೆ ಊಟ ಅರ್ಧ ಮಾಡಬೇಡಿ, ಸಕ್ಕರೆ ತೀರಾ ಇಳಿದು ತಲೆತಿರುಗಿ ಬಿದ್ದೀರಿ. ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ ಇವತ್ತಿನ ಮಾತು ಯಾವುದೂ ಅನ್ವಯಿಸದು. ನವೋದಯ ಶಾಲೆಯ ಮಕ್ಕಳು ಇಲ್ಲಿ ಕೂತಿದ್ದಾರೆ, ಹಾಸ್ಟೆಲಿನ ಊಟ ಬಿಡಲು ನನ್ನ ಹೆಸರು ಹೇಳಬಾರದು.

ಕೊನೆಯದಾಗಿ ಹೆಂಗಸರ ಒಂದು ದೂರು, ನಾನಾಗಿ ಕೇಳದೆ ಬಂದದ್ದು. "ನಡೀರಿ ಅಂತೀರಿ, ಎಲ್ಲಿ ನಡೀಬೇಕು?" ತೀರ್ಥಹಳ್ಳಿ ರಸ್ತೆಯಲ್ಲಿ ಬೆಳಗಿನ ಜಾವ ಲಾರಿ, ಬಸ್ಸುಗಳ ವೇಗಕ್ಕೆ ಎದೆ ನಡುಗುತ್ತದೆ, ಅಂಚಿನಲ್ಲಿ ಕಾಲಿಡಲು ಜಾಗವಿಲ್ಲ. ನಾಲೆಯ ಏರಿ ಸಮತಟ್ಟಾಗಿದೆ, ವಾಹನಗಳ ಕಾಟವೂ ಕಡಿಮೆ, ಆದರೆ ಕತ್ತಲಾದರೆ ಹಾವು, ನಾಯಿ, ಇನ್ನೂ ಕೆಲವು ಹೇಳಿಕೊಳ್ಳಲಾಗದ ಭಯ. ಗಂಡಸರು ಬೆಳಿಗ್ಗೆ ಐದಕ್ಕೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಮನೆಯ ಹೆಂಗಸರಿಗೆ ಬಿಡುವು ಸಿಗುವುದು ಸಂಜೆ ಏಳರ ಮೇಲೆ, ಆಗ ಹೊರಗೆ ಬೆಳಕಿಲ್ಲ. ಏರಿಯ ಮೇಲೆ ಊರಿನ ಉದ್ದಕ್ಕಾದರೂ ನಾಲ್ಕೈದು ದೀಪದ ಕಂಬ, ಎರಡು ಕಲ್ಲುಬೆಂಚು ಹಾಕಿಸಬಹುದೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಲು ಸ್ತ್ರೀಶಕ್ತಿ ಸಂಘದವರು ಅರ್ಜಿ ಬರೆದಿಟ್ಟುಕೊಂಡಿದ್ದಾರಂತೆ. ಪಂಚಾಯಿತಿಯ ಸದಸ್ಯರು ಮುಂದಿನ ಸಾಲಿನಲ್ಲೇ ಇದ್ದಾರೆ. ಅರ್ಜಿಗೆ ವೈದ್ಯರ ಸಹಿಯೂ ಬೇಕು ಎಂದರೆ ನಾನು ಈಗಲೇ ಹಾಕಿಕೊಡುತ್ತೇನೆ.